ಬದುಕಿನಿಂದ ಎತ್ತಿದ ಕಾದಂಬರಿ, ಬೀದಿಗೆ ಬಂದ ಸಂಸಾರ: ಒಂದು ಪ್ರಕರಣ ಅಧ್ಯಯನ

ತಮಗೋ ತಮ್ಮವರಿಗೋ ಆದದ್ದನ್ನು ಕಾದಂಬರಿ ಮಾಡಿ ಹಸ್ತಪ್ರತಿ ತರುವವರು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: ‘ಹೆಸರುಗಳನ್ನೆಲ್ಲ ಬದಲಾಯಿಸಿದ್ದೇನೆ, ಅಷ್ಟು ಸಾಕಲ್ಲವೇ?’ ಕೆಲವರು ಇನ್ನೂ ಜಾಗರೂಕರು. ‘ಇಲ್ಲಿನ ಪಾತ್ರಗಳೂ ಸನ್ನಿವೇಶಗಳೂ ಕೇವಲ ಕಾಲ್ಪನಿಕ’ ಎಂಬ ಸಾಲನ್ನು ಮೊದಲ ಪುಟದಲ್ಲೇ ಹಾಕಿಕೊಂಡು ಬಂದಿರುತ್ತಾರೆ. ಇಂಥವರ ಮುಂದೆ ನಾನು ಇಡುವುದು ನೂರು ವರ್ಷ ಹಳೆಯದಾದ ಒಂದು ಫ್ರೆಂಚ್ ಪ್ರಕರಣವನ್ನು. ಹದಿಹರೆಯದ ಹುಡುಗನೊಬ್ಬ ತನಗಿಂತ ದೊಡ್ಡವಳಾದ, ಯುದ್ಧಕ್ಕೆ ಹೋದ ಸೈನಿಕನ ಕೈಹಿಡಿದ ಹೆಣ್ಣಿನ ಪ್ರೇಮದಲ್ಲಿ ಬೀಳುವ ಕಥೆ ಅದು. ಕಾದಂಬರಿ ಇಂದು ಅಭಿಜಾತ ಕೃತಿಯೆನಿಸಿದೆ. ಅದರ ಹಿಂದಿದ್ದ ಸಂಸಾರಕ್ಕೆ ಏನಾಯಿತು ಎಂಬುದು ಕಾದಂಬರಿಯಷ್ಟು ಪ್ರಸಿದ್ಧವಲ್ಲ.

ಲೇಖಕ, ಪ್ರಕಾಶಕ ಮೊದಲಾದವರು ಸಾರ್ವಜನಿಕ ವ್ಯಕ್ತಿಗಳು; ಅವರ ಹೆಸರುಗಳನ್ನು ಹೇಳುತ್ತೇನೆ. ಕಥೆಗೆ ಮೂಲವಾದ ದಂಪತಿಯ ಹೆಸರು ಫ್ರೆಂಚ್ ಸಾಹಿತ್ಯ ಚರಿತ್ರೆಯಲ್ಲಿ ಹುಡುಕಿದರೆ ಸಿಗುತ್ತದೆ. ಆದರೂ ಇಲ್ಲಿ ಅವರು ‘ಶಿಕ್ಷಕಿ’ ಮತ್ತು ‘ಸೈನಿಕ’ ಮಾತ್ರ. ತಾವು ಬೇಡದೆ ಬಂದ ಪ್ರಸಿದ್ಧಿ ಅವರದು, ಅದಕ್ಕೆ ನನ್ನ ಪಾಲನ್ನೂ ಸೇರಿಸಬೇಕಿಲ್ಲ.

ಹಿನ್ನೆಲೆ

ಆ ಕಾದಂಬರಿ ಬರೆದ ರೇಮೋಂ ರಾದಿಗೇ ಹುಟ್ಟಿದ್ದು 1903ರ ಜೂನ್ 18ರಂದು, ಪ್ಯಾರಿಸ್ಸಿನ ಪೂರ್ವಕ್ಕೆ ಮಾರ್ನ್ ನದಿ ಬಳಸಿಕೊಂಡು ಹರಿಯುವ ಸಾಂ ಮೋರ್ ಎಂಬ ಊರಿನಲ್ಲಿ. ತಂದೆ ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದವರು. ಹುಡುಗ ರೈಲು ಹತ್ತಿ ಪ್ಯಾರಿಸ್ಸಿನ ಶಾಲೆಗೆ ಹೋಗಬೇಕಿತ್ತು, ಹೋಗುತ್ತಿದ್ದುದು ಅಪರೂಪ. 1914ರಲ್ಲಿ ಯುದ್ಧ ಶುರುವಾದಾಗ ಅವನಿಗೆ ಹನ್ನೊಂದು. ಊರಿನ ಗಂಡಸರೆಲ್ಲ ಗಡಿಯ ಕಡೆ ಹೋಗಿದ್ದರು. ಹೇಳುವವರು ಕೇಳುವವರು ಇಲ್ಲದೆ ಮಕ್ಕಳು ತಮ್ಮಷ್ಟಕ್ಕೆ ಬೆಳೆಯುತ್ತಿದ್ದ ಕಾಲ.

1917ರ ವಸಂತದಲ್ಲಿ ಅವನಿಗೆ ಅದೇ ಊರಿನ ಶಿಕ್ಷಕಿಯೊಬ್ಬಳ ಪರಿಚಯವಾಯಿತು. ಅವನಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಆಕೆ ಇಪ್ಪತ್ತು ದಾಟಿ ಕೆಲವು ವರ್ಷಗಳಾಗಿದ್ದವು. ಯುದ್ಧಭೂಮಿಯಲ್ಲಿದ್ದ ಸೈನಿಕನೊಬ್ಬನೊಂದಿಗೆ ಆಕೆಗೆ ಮದುವೆ ನಿಶ್ಚಯವಾಗಿತ್ತು, ಮುಂದೆ ಆತನನ್ನೇ ಮದುವೆಯಾದಳು. ಹುಡುಗನ ಮತ್ತು ಆಕೆಯ ನಡುವೆ ಇದ್ದದ್ದು ಎಂಥ ಸಂಬಂಧ ಎಂಬುದರ ಮೇಲೆ ಮುಂದೆ ದಶಕಗಟ್ಟಲೆ ಜಗಳ ನಡೆಯಿತು. ಸಾಹಿತ್ಯ ಚರಿತ್ರಕಾರರು ಪ್ರೇಮ ಎಂದರು, ದಂಪತಿಯ ಕಡೆಯಿಂದ ಬಂದ ಮಾತು ‘ಅಂಥದ್ದೇನೂ ಇರಲಿಲ್ಲ’ ಎಂಬುದು. ಈ ಜಗಳದಲ್ಲಿ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ತೀರ್ಪು ಕೊಡದೆಯೂ ಪ್ರಕರಣವನ್ನು ಓದಬಹುದು.

ಹುಡುಗ ಶಾಲೆ ಬಿಟ್ಟ, ಅಪ್ಪನ ಚಿತ್ರಗಳನ್ನು ಹೊತ್ತು ಪ್ಯಾರಿಸ್ಸಿನ ಪತ್ರಿಕಾ ಕಚೇರಿಗಳಿಗೆ ಓಡಾಡಿದ, ಕವಿಗಳ ಕಣ್ಣಿಗೆ ಬಿದ್ದ. ಕವಿ, ನಾಟಕಕಾರ ಝಾಂ ಕೊಕ್ತೋ ಅವನನ್ನು ತನ್ನ ರೆಕ್ಕೆಯಡಿ ಸೇರಿಸಿಕೊಂಡ. ಹದಿನೇಳು ಹದಿನೆಂಟರ ಹೊತ್ತಿಗೆ ರಾದಿಗೇ ಕೈಯಲ್ಲಿ ಒಂದು ಕಾದಂಬರಿಯಿತ್ತು: ‘ಲ ದಿಯಾಬ್ಲ್ ಓ ಕೋರ್’, ಎಂದರೆ ಮೈಹೊಕ್ಕ ದೆವ್ವ.

ಅವನು ಬದಲಾಯಿಸಿದ್ದು, ಬದಲಾಯಿಸದೆ ಬಿಟ್ಟದ್ದು

ಕಾದಂಬರಿಯ ನಿರೂಪಕನಿಗೆ ಹೆಸರಿಲ್ಲ. ಮಾರ್ತ್ ಎಂಬ ಹುಡುಗಿ ಪರಿಚಯವಾದಾಗ ಅವನಿಗೆ ಹದಿನೈದು, ಅವಳಿಗೆ ಹದಿನೆಂಟು. ಅವಳನ್ನು ಮದುವೆಯಾಗಲಿರುವ ಝಾಕ್ ಯುದ್ಧಭೂಮಿಯಲ್ಲಿದ್ದಾನೆ. ಮಾರ್ತ್ ಹೊಸ ಮನೆಗೆ ಪೀಠೋಪಕರಣ ಕೊಳ್ಳಲು ಹೊರಟಾಗ ಹುಡುಗ ಶಾಲೆ ತಪ್ಪಿಸಿ ಜೊತೆಗೆ ಹೋಗುತ್ತಾನೆ. ಒಂದೊಂದು ವಸ್ತುವಿಗೂ ತಗಾದೆ ತೆಗೆದು, ಅವಳಿಗೂ ಗಂಡನಾಗುವವನಿಗೂ ಹಿಡಿಸಿದ್ದನ್ನು ಬಿಡಿಸಿ, ತನಗೆ ಬೇಕಾದದ್ದನ್ನೇ ಕೊಳ್ಳುವಂತೆ ಮಾಡುತ್ತಾನೆ. ಇನ್ನೊಬ್ಬನ ಸಂಸಾರದ ಕೋಣೆಯನ್ನು ಅವನು ಕಾಲಿಡುವ ಮೊದಲೇ ಆಕ್ರಮಿಸಿಕೊಳ್ಳುವ ಈ ಪುಟಗಳು ಇಡೀ ಕೃತಿಯ ತಿರುಳು. ಮುಟ್ಟುವ ಮಾತೂ ಇಲ್ಲ, ಪ್ರೀತಿಯ ಮಾತೂ ಇಲ್ಲ, ಒಂದು ಅಂಗಡಿಯಲ್ಲಿ ಮರದ ಸಾಮಾನು ಆರಿಸುವುದಷ್ಟೇ. ಕ್ರೌರ್ಯವೆಲ್ಲ ಅಲ್ಲೇ ಇದೆ. ಹದಿನೇಳರ ವಯಸ್ಸಿನಲ್ಲಿ ಇದನ್ನು ಬರೆದವನ ಬಗ್ಗೆ ನನಗೆ ಹೊಟ್ಟೆಕಿಚ್ಚು ಇದೆ ಎಂದು ಒಪ್ಪಿಕೊಂಡೇ ಮುಂದೆ ಹೋಗುತ್ತೇನೆ.

ಮಾರ್ತ್ ಮದುವೆಯಾಗುತ್ತಾಳೆ, ಪ್ರೇಮ ಆಮೇಲೆ ಬೆಳೆಯುತ್ತದೆ, ಅವಳು ಬಸುರಾಗುತ್ತಾಳೆ. ಯುದ್ಧ ಮುಗಿಯುತ್ತದೆ. ಹೆರಿಗೆಯ ಬಳಿಕ ಮಾರ್ತ್ ಸಾಯುತ್ತಾಳೆ. ಸಾಯುವಾಗ ಅವಳು ಕೂಗಿದ್ದು ಪ್ರಿಯಕರನ ಹೆಸರನ್ನು. ಮಗುವಿಗೂ ಅದೇ ಹೆಸರಿಟ್ಟಿರುವುದರಿಂದ ಅವಳು ಮಗುವನ್ನೇ ಕರೆದಳೆಂದು ಝಾಕ್ ನಂಬುತ್ತಾನೆ. ಆ ಮಗುವಿಗಾಗಿ ಬದುಕುತ್ತೇನೆ ಎಂದು ಅವನು ಹೇಳುವುದನ್ನು ನಿರೂಪಕ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ. ಝಾಕ್‌ಗೆ ಏನೂ ಗೊತ್ತಾಗುವುದಿಲ್ಲ.

ಈಗ ಬದಲಾವಣೆಗಳನ್ನು ನೋಡಿ. ಇಬ್ಬರ ನಡುವಿನ ವಯಸ್ಸಿನ ಅಂತರವನ್ನು ರಾದಿಗೇ ಮೂರೇ ವರ್ಷಕ್ಕೆ ಇಳಿಸಿದ. ಬದುಕಿದ್ದವಳನ್ನು ಕಥೆಯಲ್ಲಿ ಸಾಯಿಸಿದ. ಶಿಕ್ಷಕಿಯ ಉದ್ಯೋಗವನ್ನು ತೆಗೆದು ಮಾರ್ತ್‌ಗೆ ಜಲವರ್ಣದ ಹವ್ಯಾಸ ಕೊಟ್ಟ. ಊರುಗಳಿಗೆ ‘ಎಫ್...’, ‘ಜೆ...’ ಎಂದು ಮೊದಲ ಅಕ್ಷರ ಮಾತ್ರ ಇಟ್ಟ. ಮೇಲ್ನೋಟಕ್ಕೆ ಇದೇನು ಕಡಿಮೆ ಮರೆಮಾಚುವಿಕೆಯಲ್ಲ.

ಆದರೆ ಆ ಎಫ್, ಜೆಗಳ ಸುತ್ತ ಮಾರ್ನ್ ನದಿ ತನ್ನ ಹೆಸರಿನಲ್ಲೇ ಹರಿಯುತ್ತದೆ. ಲಾ ವಾರೆನ್ ರೈಲು ನಿಲ್ದಾಣ ಅದೇ ಹೆಸರಿನಲ್ಲಿ ಬರುತ್ತದೆ. ಯುದ್ಧದ ವರ್ಷಗಳು ಅವೇ. ರೈಲಿನಲ್ಲಿ ಪ್ಯಾರಿಸ್ಸಿನ ಶಾಲೆಗೆ ಹೊರಟು ಶಾಲೆ ಸೇರದ ಹುಡುಗ ಅವನೇ. ಊರಿನ ಹೆಸರನ್ನು ಮುಚ್ಚಿ ಊರಿಗೆ ಹೋಗುವ ದಾರಿಯನ್ನು ಪೂರ್ತಿ ತೋರಿಸಿದಂತಾಯಿತು. ದೂರದ ಓದುಗನಿಗೆ ಇದರಿಂದ ಏನೂ ತಿಳಿಯದು. ಪಕ್ಕದ ಮನೆಯವನಿಗೆ ಇಷ್ಟೇ ಸಾಕು. ಇಂಥ ಪುಸ್ತಕಗಳಲ್ಲಿ ಹೆದರಬೇಕಾದದ್ದು ಪಕ್ಕದ ಮನೆಯವನಿಗೇ.

ವಿಚಿತ್ರವೆಂದರೆ ರಾದಿಗೇಗೆ ಇದು ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಕಾದಂಬರಿಯಲ್ಲೇ ಒಂದು ಪ್ರಸಂಗವಿದೆ. ಮಾರ್ತ್ ವಾಸವಿರುವ ಮನೆಯ ಕೆಳಮಹಡಿಯಲ್ಲಿ ಒಬ್ಬ ಮಾಜಿ ಪುರಸಭಾ ಸದಸ್ಯ ಮತ್ತು ಅವನ ಹೆಂಡತಿ ಇರುತ್ತಾರೆ. ಮೇಲ್ಮಹಡಿಯ ಗುಟ್ಟನ್ನು ನಾಲ್ಕು ಜನರ ಕಿವಿಗೆ ಹಾಕಬೇಕೆಂದು ಅವರು ಊರಿನ ಗಣ್ಯರಿಗೆ ಔತಣ ಕೊಡುತ್ತಾರೆ. ಸುಳಿವು ಸಿಕ್ಕ ಪ್ರೇಮಿಗಳು ಅತಿಥಿಗಳು ಹೋಗುವವರೆಗೂ ಸದ್ದಿಲ್ಲದೆ ಕೂತು ಔತಣವನ್ನು ಹಾಳುಗೆಡವುತ್ತಾರೆ. ಸಣ್ಣ ಊರಿನ ಕಿವಿಗಳು ಎಷ್ಟು ಚುರುಕು ಎಂದು ಇಷ್ಟು ಚೆನ್ನಾಗಿ ಬಲ್ಲವನು, ಅವೇ ಕಿವಿಗಳಿಗೆ ಮುನ್ನೂರು ಪುಟದಷ್ಟು ಸದ್ದನ್ನಲ್ಲದಿದ್ದರೂ ಒಂದು ಸಣ್ಣ ಪುಸ್ತಕದಷ್ಟನ್ನು ಕೇಳಿಸಿಬಿಟ್ಟ.

ಅವನು ಮಾಡಿದ ಬದಲಾವಣೆಗಳೆಲ್ಲ ಕಲೆಗೆ ಬೇಕಾದವು. ಅಂತರ ಇಳಿಸಿದ್ದರಿಂದ ಇಬ್ಬರೂ ಮಕ್ಕಳಂತೆ ಕಾಣುತ್ತಾರೆ, ಕಥೆ ಮೋಹಿನಿಯೊಬ್ಬಳು ಹುಡುಗನನ್ನು ಕೆಡಿಸಿದ ಹಳೆಯ ಜಾಡಿಗೆ ಬೀಳುವುದಿಲ್ಲ. ಸಾವು ಅಂತ್ಯವನ್ನು ಕೊಟ್ಟಿತು, ಮಗು ವ್ಯಂಗ್ಯವನ್ನು ಕೊಟ್ಟಿತು. ಇವುಗಳಲ್ಲಿ ಒಂದಾದರೂ ಆ ದಂಪತಿಯನ್ನು ಕಾಪಾಡಲೆಂದು ಮಾಡಿದ್ದಂತೆ ಕಾಣುವುದಿಲ್ಲ. ಹಸ್ತಪ್ರತಿ ತರುವವರಿಗೆ ನಾನು ಈ ಜಾಗದಲ್ಲಿ ಬೆರಳಿಟ್ಟು ತೋರಿಸುತ್ತೇನೆ. ಕಥೆ ಚೆನ್ನಾಗಲೆಂದು ಬದಲಾಯಿಸುವುದು ಒಂದು ಕೆಲಸ, ಮನುಷ್ಯರನ್ನು ಮರೆಮಾಡಲೆಂದು ಬದಲಾಯಿಸುವುದು ಇನ್ನೊಂದು. ಮೊದಲನೆಯದನ್ನು ಮಾಡಿದವನು ಎರಡನೆಯದೂ ತಾನಾಗಿ ಆಯಿತೆಂದು ನಂಬಿಬಿಡುತ್ತಾನೆ. ಕೆಲವೊಮ್ಮೆ ಅವು ಒಂದಕ್ಕೊಂದು ವಿರುದ್ಧವಾಗಿಯೂ ಕೆಲಸ ಮಾಡುತ್ತವೆ. ಕಲೆಗಾಗಿ ಸೇರಿಸಿದ ಆ ಮಗುವನ್ನೇ ನೋಡಿ: ಪಾತ್ರವನ್ನು ಒಂದು ಮನೆಗೆ ಅಂಟಿಸಿದ ಓದುಗ ಆ ಮನೆಯ ಮಕ್ಕಳನ್ನು ಯಾವ ಕಣ್ಣಿನಿಂದ ನೋಡಬಹುದು?

ಪ್ರಕಾಶಕ ಮಾಡಿದ್ದು

ಇಲ್ಲಿಯವರೆಗೆ ಅಪಾಯ ಸಾಂ ಮೋರ್ ಎಂಬ ಊರಿಗೆ ಸೀಮಿತವಾಗಿತ್ತು. ಅದನ್ನು ದೇಶಕ್ಕೆ ಹರಡಿದವನು ಬೆರ್ನಾರ್ ಗ್ರಾಸೆ. ಕಾದಂಬರಿಕಾರ ಮಾರ್ಸೆಲ್ ಪ್ರೂಸ್ತ್‌ನ ಮಹಾಕಾದಂಬರಿಯ ಮೊದಲ ಸಂಪುಟವನ್ನು 1913ರಲ್ಲಿ ಲೇಖಕನ ಖರ್ಚಿನಲ್ಲೇ ಅಚ್ಚು ಹಾಕಿದ್ದ ಪ್ರಕಾಶಕ ಈತ. ಪುಸ್ತಕಕ್ಕೂ ಸಾಬೂನಿನಂತೆ ಜಾಹೀರಾತು ಮಾಡಬಹುದು ಎಂದು ಫ್ರಾನ್ಸಿನಲ್ಲಿ ತೋರಿಸಿದವರಲ್ಲಿ ಮುಂಚೂಣಿಯವನು. ಕೊಕ್ತೋ ಹಸ್ತಪ್ರತಿಯನ್ನು ಅವನ ಮುಂದೆ ಓದಿದ, ಗ್ರಾಸೆ ಮರುಳಾದ, ಕೊನೆಯ ಭಾಗವನ್ನು ತಿದ್ದಲು ಹೇಳಿದ, ಕರಾರಾಯಿತು.

1923ರ ಮಾರ್ಚ್‌ನಲ್ಲಿ ಪುಸ್ತಕ ಬಂದಾಗ ಗ್ರಾಸೆ ಮಾರಿದ್ದು ಕಾದಂಬರಿಯನ್ನಲ್ಲ, ಕಾದಂಬರಿಕಾರನ ವಯಸ್ಸನ್ನು. ರಾದಿಗೇಗೆ ಆಗ ಹತ್ತೊಂಬತ್ತು. ಜಾಹೀರಾತು ಸಾರಿದ್ದು ಹದಿನೇಳರ ಹುಡುಗ ಬರೆದ ಕೃತಿಯೆಂದು. ಲೇಖಕ ಕರಾರಿಗೆ ಸಹಿ ಹಾಕುವ ದೃಶ್ಯವನ್ನು ಚಿತ್ರೀಕರಿಸಿ ಸಿನಿಮಾ ಮಂದಿರಗಳ ವಾರ್ತಾಚಿತ್ರದಲ್ಲಿ ತೋರಿಸಲಾಯಿತು. ಮೂಕಿ ಚಿತ್ರಗಳ ಆ ಕಾಲದಲ್ಲಿ ಕಾದಂಬರಿಗೆ ಇಂಥ ಮರ್ಯಾದೆ ಯಾರೂ ಕಂಡಿರಲಿಲ್ಲ. ಪುಸ್ತಕ ಬಿರುಸಾಗಿ ಮಾರಾಟವಾಯಿತು. ಮೇ ತಿಂಗಳಲ್ಲಿ ‘ಹೊಸ ಜಗತ್ತು’ ಎಂಬ ಹೆಸರಿನ ಬಹುಮಾನವೂ ಬಂತು, ತೀರ್ಪುಗಾರರ ಮಂಡಳಿಯಲ್ಲಿ ಕೊಕ್ತೋ ಇದ್ದ ಎಂಬುದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು.

ನನ್ನ ದೃಷ್ಟಿಯಲ್ಲಿ ಪ್ರಕರಣ ತಿರುಗಿದ್ದು ಇಲ್ಲಿ. ನಿರೂಪಕನಿಗೆ ಹೆಸರಿಡದೆ ಬಿಟ್ಟಿದ್ದು ರಾದಿಗೇಯ ಕೈಯಲ್ಲಿದ್ದ ಅತ್ಯಂತ ಒಳ್ಳೆಯ ರಕ್ಷಣೆ. ಆ ಖಾಲಿ ಜಾಗದಲ್ಲಿ ಗ್ರಾಸೆ ಲೇಖಕನ ಮುಖವನ್ನು ತಂದು ಕೂರಿಸಿದ. ಹದಿನಾರರ ಪ್ರೇಮದ ಬಗ್ಗೆ ಹದಿನೇಳರವನು ಬರೆದಿದ್ದಾನೆ ಎಂದ ಮೇಲೆ ಓದುಗ ಅದನ್ನು ಕಲ್ಪನೆಯೆಂದು ಓದುವುದು ಹೇಗೆ? ಹುಡುಗನ ಮುಖ ಪರದೆಯ ಮೇಲೆ ಬಂದ ಮೇಲೆ ಅವನ ಊರು ಯಾವುದು, ಆ ಊರಿನಲ್ಲಿ ಅವನು ಯಾರೊಡನೆ ಓಡಾಡಿಕೊಂಡಿದ್ದ ಎಂಬ ಪ್ರಶ್ನೆಗಳು ತಾವಾಗಿ ಹುಟ್ಟುತ್ತವೆ.

ರಾದಿಗೇ ತಡೆಯಲು ನೋಡಿದ. 1923ರ ಮಾರ್ಚ್ 10ರ ‘ನೂವೆಲ್ ಲಿತೆರೇರ್’ ಪತ್ರಿಕೆಯಲ್ಲಿ ತನ್ನ ಮೊದಲ ಕಾದಂಬರಿಯ ಬಗ್ಗೆ ಬರೆಯುತ್ತ, ಇದು ತಪ್ಪೊಪ್ಪಿಗೆಯಲ್ಲ, ಹಾಗೆ ಕಾಣುವ ಜಾಗಗಳಲ್ಲಂತೂ ಖಂಡಿತ ಅಲ್ಲ ಎಂದ. ತನ್ನನ್ನು ತಾನೇ ದೂಷಿಸಿಕೊಳ್ಳುವವನ ಮಾತನ್ನು ಜನ ಸುಲಭವಾಗಿ ನಂಬುತ್ತಾರೆ, ಆದ್ದರಿಂದ ಸುಳ್ಳು ಆತ್ಮಕಥೆಯೇ ಹೆಚ್ಚು ನಿಜವೆನಿಸುವುದು ಸಹಜ ಎಂಬುದು ಅವನ ವಾದ. ವಾದ ಸೊಗಸಾಗಿದೆ, ಬಹುಶಃ ಸರಿಯೂ ಇದೆ. ಆದರೆ ಅದು ಕಾದಂಬರಿಯ ಸ್ವರೂಪದ ಬಗೆಗಿನ ವಾದ. ಆ ಊರಿನಲ್ಲಿ ವಾಸವಿದ್ದ ಹೆಂಗಸೊಬ್ಬಳ ಮೇಲಿನ ಅನುಮಾನ ಇಂಥ ವಾದದಿಂದ ಒಂದಿಷ್ಟೂ ಕರಗುವಂಥದ್ದಲ್ಲ. ‘ಕೇವಲ ಕಾಲ್ಪನಿಕ’ ಎಂಬ ನಮ್ಮ ಪುಸ್ತಕಗಳ ಸಾಲಿನ ಗತಿಯೂ ಇದೇ. ಓದುಗ ಆ ಸಾಲನ್ನು ಓದಿದ ಕೂಡಲೇ ಇದರಲ್ಲಿ ಯಾರೋ ಇದ್ದಾರೆ ಎಂದು ಹುಡುಕಲು ಕೂರುತ್ತಾನೆ.

ಗದ್ದಲ ಎದ್ದದ್ದು ಯಾರ ಪರವಾಗಿ

ಫ್ರಾನ್ಸ್ ಆ ಯುದ್ಧದಲ್ಲಿ ಸುಮಾರು 14 ಲಕ್ಷ ಸೈನಿಕರನ್ನು ಕಳೆದುಕೊಂಡಿತ್ತು. ಕದನವಿರಾಮವಾಗಿ ಐದು ವರ್ಷವೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಕಾದಂಬರಿಯ ಮೊದಲ ಪುಟದಲ್ಲೇ ನಿರೂಪಕ ಹೇಳುತ್ತಾನೆ: ತನ್ನ ವಯಸ್ಸಿನ ಎಷ್ಟೋ ಹುಡುಗರಿಗೆ ಯುದ್ಧವೆಂದರೆ ನಾಲ್ಕು ವರ್ಷಗಳ ದೀರ್ಘ ರಜೆ. ಮಾಜಿ ಸೈನಿಕರು ಸಿಡಿದೆದ್ದರು. ಕಂದಕದಲ್ಲಿ ಕೊಳೆಯುತ್ತಿದ್ದವನ ಹೆಂಡತಿಯನ್ನು ಮನೆಯಲ್ಲಿ ಕೂತ ಹುಡುಗ ಒಲಿಸಿಕೊಂಡ ಕಥೆ ಅವರಿಗೆ ಸಾಹಿತ್ಯವಾಗಿ ಕಾಣಲಿಲ್ಲ.

ಆ ಗದ್ದಲದಲ್ಲಿ ಯಾರೂ ಹುಡುಗನ ವಯಸ್ಸಿನ ಪ್ರಶ್ನೆ ಎತ್ತಿದಂತಿಲ್ಲ, ಮಾನಭಂಗವಾದದ್ದು ಸೈನಿಕನದು ಎಂಬಲ್ಲಿಗೆ ಮಾತು ಮುಗಿಯುತ್ತಿತ್ತು. ಫ್ರೆಂಚ್ ಕಾನೂನು ಆಗ ಸಮ್ಮತಿಯ ವಯಸ್ಸನ್ನು ಹದಿಮೂರಕ್ಕೆ ಇಟ್ಟಿತ್ತು, ಹದಿನೈದಕ್ಕೆ ಏರಿದ್ದು 1945ರಲ್ಲಿ. ಇಂದಿನ ಭಾರತದಲ್ಲಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟರ ಕೆಳಗಿನವರೆಲ್ಲ ಮಕ್ಕಳು, ಗಂಡು ಹೆಣ್ಣೆಂಬ ಭೇದವಿಲ್ಲ. ಅಂಥದ್ದೇ ಕಥೆಯನ್ನು ಇವತ್ತು ಯಾರಾದರೂ ಸ್ವಂತ ಅನುಭವವೆಂದು ಹೇಳಿಕೊಂಡರೆ ಬೊಟ್ಟು ಮಾಡುವ ದಿಕ್ಕೇ ಬೇರೆಯಾಗುತ್ತದೆ: ನೊಂದವನು ಹುಡುಗ, ಉತ್ತರ ಕೊಡಬೇಕಾದವಳು ದೊಡ್ಡವಳು. ಪುಸ್ತಕದಲ್ಲಿ ಅವಳ ವಯಸ್ಸು ಇಳಿದು ಹುಡುಗನ ಸಮೀಪಕ್ಕೆ ಬಂದದ್ದರಿಂದ ಈ ಪ್ರಶ್ನೆ ಹುಟ್ಟದಂತಾಯಿತು ಎಂಬುದನ್ನೂ ಗಮನಿಸಬೇಕು. ಅದೇ ವರ್ಷ ಬಂದ, ಫ್ರೆಂಚ್ ಲೇಖಕಿ ಕೊಲೆತ್‌ಳ ಕಾದಂಬರಿಯೊಂದರಲ್ಲಿ ಹದಿನಾರರ ಹುಡುಗನನ್ನು ಮೂವತ್ತು ದಾಟಿದ ಹೆಂಗಸು ಸೆಳೆಯುತ್ತಾಳೆ. ಧಾರಾವಾಹಿಯಾಗಿ ಅದನ್ನು ಪ್ರಕಟಿಸುತ್ತಿದ್ದ ದಿನಪತ್ರಿಕೆ ಓದುಗರ ಆಕ್ಷೇಪಕ್ಕೆ ಅಂಜಿ ನಡುವೆಯೇ ನಿಲ್ಲಿಸಿತು.

ಆ ಮೂವರಿಗೆ ಆದದ್ದು

ರಾದಿಗೇ 1923ರ ಡಿಸೆಂಬರ್ 12ರಂದು ವಿಷಮಶೀತ ಜ್ವರದಿಂದ ತೀರಿಕೊಂಡ. ಪುಸ್ತಕ ಬಂದು ಒಂಬತ್ತು ತಿಂಗಳು, ವಯಸ್ಸು ಇಪ್ಪತ್ತು. ದಂಪತಿಯ ಮಟ್ಟಿಗೆ ಇದು ಎರಡನೇ ಪೆಟ್ಟು ಎಂದೇ ನನ್ನ ಎಣಿಕೆ. ಬದುಕಿದ್ದರೆ ಅವನನ್ನು ಕೇಳಬಹುದಿತ್ತು; ಅವನೇ ಮೂವತ್ತರಲ್ಲೋ ನಲವತ್ತರಲ್ಲೋ ಇನ್ನೊಂದು ಮಾತು ಬರೆಯುತ್ತಿದ್ದನೇನೋ. ಇಪ್ಪತ್ತಕ್ಕೆ ಸತ್ತ ಪ್ರತಿಭೆ ದಂತಕಥೆಯಾಯಿತು, ದಂತಕಥೆಯ ಜೊತೆ ವಾದಿಸಿ ಗೆದ್ದವರಿಲ್ಲ.

ಶಿಕ್ಷಕಿ ಸಾಯಲಿಲ್ಲ. ಪುಸ್ತಕ ಬಂದ ಮೇಲೂ ದಶಕಗಳ ಕಾಲ ಬದುಕಿದ್ದಳು. ಕಾದಂಬರಿಯನ್ನು ಓದಿದವರ ಕಣ್ಣಿನಲ್ಲಿ ಮಾತ್ರ ಆಕೆ ಹೆರಿಗೆಯ ನಂತರ ಸತ್ತ ಮಾರ್ತ್.

ಸೈನಿಕ ಪುಸ್ತಕದಲ್ಲಿ ತನ್ನನ್ನು ಗುರುತಿಸಿಕೊಂಡ. ಅವನು ಕಾದಂಬರಿಯ ಒಂದು ಪ್ರತಿಯನ್ನು ಇಟ್ಟುಕೊಂಡು, ಇದು ಸುಳ್ಳು, ಇದು ಹೀಗಿರಲಿಲ್ಲ ಎಂದು ಅಂಚುಗಳಲ್ಲಿ ಟಿಪ್ಪಣಿ ಬರೆದ. ಅಚ್ಚಾದ ಸಾಲುಗಳಿಗೆ ಪೆನ್ನಿನಲ್ಲಿ ಪಾಟೀಸವಾಲು. ಈ ಪ್ರಕರಣದಲ್ಲಿ ನನ್ನನ್ನು ಅತಿಯಾಗಿ ಕಾಡುವ ದಾಖಲೆ ಅದು. ರಾದಿಗೇ ಝಾಕ್‌ಗೆ ಕಾದಂಬರಿಯೊಳಗೆ ಒಂದು ದಯೆ ತೋರಿಸಿದ್ದ: ಅವನಿಗೆ ಕೊನೆಯವರೆಗೂ ಏನೂ ತಿಳಿಯದಂತೆ ನೋಡಿಕೊಂಡಿದ್ದ. ಅದೇ ಕಾದಂಬರಿ ಅಚ್ಚಾದ ದಿನ ನಿಜವಾದ ಸೈನಿಕನಿಗೆ ಆ ದಯೆ ಇಲ್ಲವಾಯಿತು. ನಿಜವಿದ್ದರೆ ನಿಜ ತಿಳಿಯಿತು, ಸುಳ್ಳಾಗಿದ್ದರೆ ಅಲ್ಲಗಳೆದು ಮುಗಿಯದ ಸುಳ್ಳು ಹೆಗಲೇರಿತು. ಎರಡರಲ್ಲಿ ಯಾವುದಾದರೂ ಅವನು ಅಂಚಿನಲ್ಲಿ ಬರೆಯುತ್ತಲೇ ಇರಬೇಕಾಗಿತ್ತು.

1947ರಲ್ಲಿ ಕ್ಲೋದ್ ಓತಾಂ-ಲಾರಾ ಕಾದಂಬರಿಯನ್ನು ಸಿನಿಮಾ ಮಾಡಿದ. ಈ ಬಾರಿ ಇನ್ನೊಂದು ಯುದ್ಧ ಮುಗಿದ ಹೊಸತು. ಬ್ರಸೆಲ್ಸ್ ಚಿತ್ರೋತ್ಸವದಲ್ಲಿ ಫ್ರಾನ್ಸಿನ ರಾಯಭಾರಿಯೇ ಎದ್ದು ಹೊರನಡೆದ, ನಾಯಕನ ಪಾತ್ರಧಾರಿ ಝೆರಾರ್ ಫಿಲಿಪ್ ಅದೇ ಉತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಗೆದ್ದ. ಹುಡುಗನ ಪಾತ್ರ ಮಾಡಿದ ಫಿಲಿಪ್, ಮಾರ್ತ್ ಪಾತ್ರದ ಮಿಶ್ಲಿನ್ ಪ್ರೆಲ್ ಇಬ್ಬರೂ 1922ರಲ್ಲಿ ಹುಟ್ಟಿದವರು. ಕಾದಂಬರಿ ಮೂರು ವರ್ಷಕ್ಕೆ ಇಳಿಸಿದ ಅಂತರ ಪರದೆಯ ಮೇಲೆ ಕಾಣದಂತೆಯೇ ಆಯಿತು. ದಂಪತಿ ಆಗಲೂ ಬದುಕಿದ್ದರು.

ಬೇರೆ ದಾರಿ ಇತ್ತೇ

ಈ ಪ್ರಕರಣವನ್ನು ಮುಂದಿಟ್ಟಾಗ ಕೇಳಿದವರು ಹೇಳುವ ಮೊದಲ ಪರಿಹಾರ: ಊರನ್ನು ಬದಲಾಯಿಸಬಹುದಿತ್ತು. ಕಾದಂಬರಿಯನ್ನು ಕೈಯಲ್ಲಿ ಹಿಡಿದು ಪ್ರಯತ್ನಿಸಿ ನೋಡಬೇಕು. ಮಾರ್ನ್ ನದಿ ಹೋದರೆ ದೋಣಿ ಹೋಗುತ್ತದೆ, ದಡದ ಸಂಜೆಗಳು ಹೋಗುತ್ತವೆ. ಪ್ಯಾರಿಸ್ಸಿನ ರೈಲು ಹೋದರೆ ಶಾಲೆ ತಪ್ಪಿಸುವುದು, ಕೊನೆಯಲ್ಲಿ ಬಸುರಿ ಮಾರ್ತ್‌ಳನ್ನು ಕರೆದುಕೊಂಡು ಮಳೆಯಲ್ಲಿ ಹೋಟೆಲಿನ ಕೋಣೆ ಕೇಳಲು ಧೈರ್ಯವಿಲ್ಲದೆ ಪ್ಯಾರಿಸ್ಸಿನ ಬೀದಿ ಸುತ್ತುವ ಆ ಭಯಂಕರ ರಾತ್ರಿ, ಎಲ್ಲ ಹೋಗುತ್ತವೆ. ಆದರೂ ಫ್ರಾನ್ಸಿನಲ್ಲಿ ನದಿಗಳಿಗೆ ಬರವಿರಲಿಲ್ಲ. ಸೆನ್ ನದಿಯ ಇನ್ನೊಂದು ತಿರುವಿನಲ್ಲಿ, ಪ್ಯಾರಿಸ್ಸಿನ ಇನ್ನೊಂದು ಮಗ್ಗುಲಿನಲ್ಲಿ ಇದನ್ನೆಲ್ಲ ನಡೆಸಬಹುದಿತ್ತು ಎಂದೇ ನನಗೆ ಅನಿಸುತ್ತದೆ. ಇಷ್ಟು ಮಾಡಿದ್ದರೆ ಸಾಂ ಮೋರ್‌ನ ಕೆಳಮಹಡಿಯವರಿಗೆ ಸ್ವಲ್ಪವಾದರೂ ಅನುಮಾನ ಉಳಿಯುತ್ತಿತ್ತು.

ಗಂಡನನ್ನು ಸೈನಿಕನಲ್ಲದವನನ್ನಾಗಿ ಮಾಡುವುದು ಸಾಧ್ಯವಿರಲಿಲ್ಲ. ಯುದ್ಧವಿಲ್ಲದೆ ಈ ಕಾದಂಬರಿಯೇ ಇಲ್ಲ. ಹಾಗೆ ನೋಡಿದರೆ ಬರವಣಿಗೆಯಲ್ಲಿ ಮರೆಮಾಡಲಾಗದ ಒಂದು ಗುರುತು ಪ್ರತಿ ಇಂಥ ಕೃತಿಯಲ್ಲೂ ಇರುತ್ತದೆ, ಅದನ್ನು ತೆಗೆದರೆ ಕೃತಿ ಕುಸಿಯುತ್ತದೆ. ಹಸ್ತಪ್ರತಿ ತಂದವರಿಗೆ ನಾನು ಆ ಒಂದು ಗುರುತನ್ನು ಪತ್ತೆಹಚ್ಚಲು ಹೇಳುತ್ತೇನೆ. ಅದನ್ನು ಉಳಿಸಿಕೊಂಡು ಉಳಿದ ಗುರುತುಗಳನ್ನೆಲ್ಲ ಬಿಟ್ಟುಕೊಡುವ ಮನಸ್ಸಿದೆಯೇ ಎಂದು ಕೇಳುತ್ತೇನೆ. ಹೆಚ್ಚಿನವರು ಚೌಕಾಸಿಗೆ ಇಳಿಯುತ್ತಾರೆ: ಊರು ಬಿಡುತ್ತೇನೆ, ಬೀದಿಯ ಆ ಬೇವಿನ ಮರ ಇರಲಿ.

ಇನ್ನುಳಿದದ್ದು ಪ್ರಚಾರದ ಪ್ರಶ್ನೆ. ಗ್ರಾಸೆಗೆ ‘ನನ್ನ ವಯಸ್ಸಿನ ಮಾತು ಬೇಡ’ ಎಂದು ಹೇಳುವ ಸ್ಥಿತಿಯಲ್ಲಿ ಹತ್ತೊಂಬತ್ತರ ಹುಡುಗನಿದ್ದನೇ? ಕೊಕ್ತೋ ಹೇಳಬಹುದಿತ್ತು, ಆದರೆ ಅವನಿಗೂ ಆ ಬೆರಗಿನ ಬೆಳಕು ಬೇಕಾಗಿತ್ತು. ಆದ್ದರಿಂದ ನಾನು ಈಗ ಲೇಖಕರಿಗೆ ಕೊಡುವ ಸಲಹೆ ಹಸ್ತಪ್ರತಿಯಿಂದಾಚೆಗೂ ಚಾಚುತ್ತದೆ. ಬೆನ್ನುಪುಟದಲ್ಲಿ ‘ಲೇಖಕರ ಸ್ವಂತ ಬದುಕಿನ ಪುಟಗಳಿಂದ’ ಎಂದು ಯಾರೂ ಹಾಕದಂತೆ ಪ್ರಕಾಶಕರಿಂದ ಮೊದಲೇ ಮಾತು ತೆಗೆದುಕೊಳ್ಳಿ. ಬಿಡುಗಡೆ ಸಮಾರಂಭದಲ್ಲಿ ‘ಇದು ನಿಮ್ಮದೇ ಕಥೆಯೇ?’ ಎಂದು ಕೇಳಿದಾಗ ನಗಬೇಡಿ. ಆ ನಗುವನ್ನು ಸಭೆ ಹೌದು ಎಂದೇ ಓದುತ್ತದೆ.

ರಾದಿಗೇ ಸತ್ತ ಮೇಲೆ, 1924ರಲ್ಲಿ, ಅವನ ಎರಡನೇ ಕಾದಂಬರಿ ಬಂತು. ಅದರಲ್ಲೂ ನಿಜವಾದ ದಂಪತಿಯೊಂದರ ನೆರಳಿದೆ. ಈ ಬಾರಿ ಅವರು ಪ್ಯಾರಿಸ್ಸಿನ ಶ್ರೀಮಂತ ಕೌಂಟ್ ಮತ್ತು ಕೌಂಟೆಸ್, ಕಲಾವಿದರಿಗೆಲ್ಲ ಔತಣ ಕೊಡುತ್ತಿದ್ದವರು. ತಮ್ಮ ಬಗ್ಗೆ ಊರು ಆಡಿಕೊಂಡರೆ ಅದೇ ಊರನ್ನು ಮನೆಗೆ ಕರೆದು ಊಟಕ್ಕೆ ಕೂರಿಸುವ ಅನುಕೂಲ ಅವರಿಗಿತ್ತು. ಶಿಕ್ಷಕಿಗೂ ಅವಳ ಗಂಡನಿಗೂ ಇದ್ದದ್ದು ಪುಸ್ತಕದ ಒಂದು ಪ್ರತಿ ಮತ್ತು ಅದರ ಅಂಚು.